ಮೈಸೂರು ಅರಮನೆಯಲ್ಲಿ ಒಂದು ಸಂಜೆ

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಎಲ್ಲರಿಗೂ ಕಾಫಿ ತೋಟಗಳು, ಬಾಬಾಬುಡನ್‌ಗಿರಿ ನೆನಪಾಗುತ್ತವೆ. ಕಡೂರು, ತರೀಕೆರೆ, ಅಜ್ಜಂಪುರದವರಾದ ನಮಗೆ ಮೊದಲು ನೆನಪಾಗುವುದು ರೈಲು. ಅರಸೀಕೆರೆಯಿಂದ ಬರುವ ಹಳಿ ಕಡೂರು ದಾಟಿ ಬೀರೂರಿನಲ್ಲಿ ಕವಲೊಡೆಯುತ್ತದೆ. ಒಂದು ದಾರಿ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿಗೆ. ಈ ಮೂರು ಊರುಗಳ ನಡುವೆ ಹೆಣ್ಣು ಕೊಟ್ಟು ತಂದ ಮನೆಗಳು ಬಹಳ. ಮದುವೆ, ಬಾಣಂತನ, ಈದ್ ಎಂದು ಹೆಂಗಸರ ಓಡಾಟ ಈ ಹಳಿಗಳ ಮೇಲೆಯೇ.

ದಸರಾ ರಜೆಯಲ್ಲಿ ನಾವು ಐದು ಮಂದಿ ಹೆಂಗಸರು ಮೈಸೂರಿಗೆ ಹೊರಟೆವು. ಅಜ್ಜಂಪುರದ ಖಾಲಾ ಬಸ್ಸಿನಲ್ಲಿ ಬೀರೂರಿಗೆ ಬಂದು ಸೇರಿಕೊಂಡರು. ತರೀಕೆರೆಯ ಭಾಬಿ ರೈಲಿನಲ್ಲೇ ಜಾಗ ಹಿಡಿದಿದ್ದರು. ಅರಸೀಕೆರೆ, ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರ ಎಂದು ಸುಮಾರು 200 ಕಿ.ಮೀ. ಹಾದಿ. ಚಪಾತಿಯ ಡಬ್ಬಿ ಹಾಸನಕ್ಕೆ ಮೊದಲೇ ಖಾಲಿ!

ಅರಮನೆಯ ಮುಂದೆ ನಡೆಯುವ ಸಂಗೀತ ಕಚೇರಿ ಕೇಳಬೇಕೆಂಬುದು ನಮ್ಮ ಆಸೆ. ಹಾಡು, ವಾದ್ಯದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎಲ್ಲರ ಅಭಿಪ್ರಾಯ ಒಂದೇ ಅಲ್ಲ. ನಮ್ಮ ಜೊತೆಗಿದ್ದ ಒಬ್ಬರು ಅರಮನೆ ನೋಡಲೆಂದೇ ಬಂದವರು. ಆದರೆ ಖಾಲಾ ಬಂದದ್ದು ಬೇರೊಂದು ಹೆಸರಿಗಾಗಿ, ಗೌಹರ್ ಜಾನ್.

ಗೌಹರ್ ಜಾನ್ 1873ರಲ್ಲಿ ಅಝಂಗಢದಲ್ಲಿ ಕ್ರೈಸ್ತ ದಂಪತಿಯ ಮಗಳಾಗಿ ಹುಟ್ಟಿದವರು. ಆಗಿನ ಹೆಸರು ಏಂಜಲಿನಾ. ತಂದೆ ತಾಯಿ ಬೇರೆಯಾದ ಬಳಿಕ ತಾಯಿ, ಮಗಳು ಇಬ್ಬರೂ ಇಸ್ಲಾಂ ಸ್ವೀಕರಿಸಿದರು. ತಾಯಿ ಮಲ್ಕಾ ಜಾನ್ ಕೂಡ ಗಾಯಕಿ. 1902ರಲ್ಲಿ ಗ್ರಾಮಫೋನ್ ಕಂಪನಿ ಕಲ್ಕತ್ತಾಕ್ಕೆ ಬಂದು ಧ್ವನಿಮುದ್ರಣ ಆರಂಭಿಸಿದಾಗ ಹಾಡಿದ ಮೊದಲಿಗರಲ್ಲಿ ಗೌಹರ್ ಒಬ್ಬರು. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷದ ತಟ್ಟೆಗೆ ಇಳಿಸಿದ ಜಾಣೆ. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಹೇಳುತ್ತಿದ್ದರು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿದರು. 1911ರ ದಿಲ್ಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ಚಕ್ರವರ್ತಿಯ ಮುಂದೆ ಅಲಹಾಬಾದಿನ ಜಾನಕಿಬಾಯಿಯ ಜೊತೆ ಹಾಡಿದವರೂ ಅವರೇ.

ಅಂಥವರ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ಗಾಯಕಿಯಾಗಿ ನೇಮಿಸಿಕೊಂಡರು. ಆಗ ಮೈಸೂರಿನ ದಿವಾನರು ಮಿರ್ಜಾ ಇಸ್ಮಾಯಿಲ್. ಉತ್ತರದ ಉಸ್ತಾದರನ್ನು ಕರೆಸಿ ಗೌರವಿಸುವ ವಾಡಿಕೆ ಈ ಆಸ್ಥಾನಕ್ಕೆ ಹೊಸದಲ್ಲ. ಆಗ್ರಾ ಘರಾಣೆಯ ಫಯ್ಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸೀಕಿ' ಬಿರುದು ಸಿಕ್ಕಿದ್ದು ಮೈಸೂರಿನಲ್ಲೇ.

ಹಗಲಿನಲ್ಲಿ ಚಪ್ಪಲಿ ಕಳಚಿಟ್ಟು ಒಳಗೆಲ್ಲ ನೋಡಿದೆವು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ಶಿಲ್ಪಿಯ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆ ಇದು. ಗುಮ್ಮಟಗಳೂ ಕಮಾನುಗಳೂ ನಮ್ಮ ಮಸೀದಿಗಳನ್ನು ನೆನಪಿಸುತ್ತವೆ. ಎಂಟು ಮೂಲೆಯ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿದರೆ ಬಣ್ಣದ ಗಾಜಿನಲ್ಲಿ ನವಿಲುಗಳು. ದರ್ಬಾರ್ ಹಾಲಿನ ಕಂಬಗಳ ಸಾಲು ನೋಡಿ ಮಾತೇ ಹೊರಡಲಿಲ್ಲ.

ಮಗ್ರಿಬ್ ಮುಗಿಸಿ ಮತ್ತೆ ಬಂದಾಗ ಸುಮಾರು ಲಕ್ಷ ದೀಪಗಳು ಒಮ್ಮೆಲೇ ಹೊತ್ತಿಕೊಂಡವು. ಕಲ್ಲಿನ ಕಟ್ಟಡ ಚಿನ್ನದ ಗೆರೆಗಳ ಚಿತ್ರವಾಯಿತು. ವೇದಿಕೆಯಲ್ಲಿ ತಂಬೂರಿ ಶ್ರುತಿಗೂಡಿತು. ಗಾಯಕಿಯೊಬ್ಬರು ಬಹಳ ನಿಧಾನವಾಗಿ ಸ್ವರ ಎತ್ತಿದರು. ಬುರ್ಖಾ, ಸೀರೆ, ಚೂಡಿದಾರ್ ಎಲ್ಲ ಒಂದೇ ಸಾಲಿನ ಕುರ್ಚಿಗಳಲ್ಲಿ! ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾಯಂದಿರು ಕೇಳುತ್ತಿದ್ದರು. ಅರಮನೆ ಅರಸರದ್ದಾಗಿದ್ದಾಗ ಇಷ್ಟು ಜನ ಹೆಂಗಸರಿಗೆ ಇಲ್ಲಿ ಕೂರುವ ಅವಕಾಶ ಎಲ್ಲಿತ್ತು?

ಚಪ್ಪಾಳೆಯ ನಡುವೆ ಖಾಲಾ ಕೇಳಿದರು: "ಅಷ್ಟು ದುಡಿದ ಹೆಣ್ಣಿಗೆ ಕೊನೆಗೆ ಸ್ವಂತದ್ದು ಅಂತ ಏನೂ ಉಳಿಯಲಿಲ್ವಾ?"

ಉಳಿದದ್ದು ಬಹಳ ಕಡಿಮೆ. ಗೌಹರ್ ಕೈತುಂಬ ಗಳಿಸಿದರು, ಕೈಬಿಚ್ಚಿ ಖರ್ಚು ಮಾಡಿದರು. ಆದರೆ ಗಳಿಕೆಯ ದೊಡ್ಡ ಭಾಗ ಕೋರ್ಟಿನ ವ್ಯಾಜ್ಯಗಳಿಗೂ ನಂಬಿದವರ ಕೈಗೂ ಹೋಯಿತೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಮೈಸೂರಿಗೆ ಬಂದು ಎರಡು ವರ್ಷ ತುಂಬುವ ಮೊದಲೇ, 1930ರ ಜನವರಿ 17ರಂದು, ಇಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಡೀ ದೇಶವೇ ಬಲ್ಲ ಹೆಸರು ಪರವೂರಿನಲ್ಲಿ ಒಂಟಿಯಾಗಿ ಕಣ್ಣು ಮುಚ್ಚಿತು.

ಸಹೋದರಿಯರೇ, ಗಂಡಸಿಗೆ ಅವನ ಗಳಿಕೆಯ ಪಾಲು, ಹೆಣ್ಣಿಗೆ ಅವಳ ಗಳಿಕೆಯ ಪಾಲು ಎಂಬುದು ಕುರ್‌ಆನ್ ಹೇಳಿಕೊಟ್ಟ ನ್ಯಾಯ. ಮಹ್ರ್ ಅವಳದು, ದುಡಿದ ಹಣ ಅವಳದು, ತವರಿನ ಪಾಲೂ ಅವಳದು. ಇದನ್ನು ಎಲ್ಲರೂ ಬಲ್ಲೆವು. ಆದರೆ ಬೀಡಿ ಕಟ್ಟಿ, ಹೊಲಿಗೆ ಮಾಡಿ, ಶಾಲೆಯಲ್ಲಿ ಪಾಠ ಹೇಳಿ ಸಂಪಾದಿಸುವ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಯ ಪಾಸ್‌ಬುಕ್ ಅವರ ಕೈಯಲ್ಲಿದೆ? ಎಷ್ಟು ಮಂದಿ ಓದದೆ ಸಹಿ ಹಾಕುತ್ತಾರೆ? ಪ್ರೀತಿಯಿಂದ ಕೊಡುವುದು ಬೇರೆ, ಕೇಳದೆ ಕಿತ್ತುಕೊಳ್ಳುವುದು ಬೇರೆ.

ಮರುದಿನ ರೈಲಿನಲ್ಲಿ ಹಾಡಿಗಿಂತ ಹೆಚ್ಚು ಮಾತಾದದ್ದು ಇದೇ ವಿಷಯ. ಕಡೂರು ಬರುವಷ್ಟರಲ್ಲಿ ಭಾಬಿ, ಹೊಲಿಗೆಯಿಂದ ಬರುವ ಹಣಕ್ಕೆ ತನ್ನ ಹೆಸರಿನಲ್ಲೇ ಖಾತೆ ತೆರೆಯುವುದಾಗಿ ಹೇಳಿದರು. ಖಾಲಾ ಅಲ್ಲೇ ದುಆ ಮಾಡಿದರು.