ಗಾಳಕ್ಕೆ ಬಿದ್ದ ಮೀನು

ಮಕ್ಕಳೇ, 'ಗಾಳಕ್ಕೆ ಬೀಳು' ಎಂಬ ನುಡಿಗಟ್ಟನ್ನು ನೀವು ಕೇಳಿರಬಹುದು. ಅದರ ಅರ್ಥವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಅದು 1980ರ ಮಾತು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ನಮ್ಮ ಮನೆ ಮಿರಜದಲ್ಲಿತ್ತು. ಮಿರಜ ಆಸ್ಪತ್ರೆಗಳ ಊರು. ಕರ್ನಾಟಕದಿಂದಲೂ ರೋಗಿಗಳು ಅಲ್ಲಿಗೆ ಬರುತ್ತಾರೆ. ಒಂದು ಸಂಜೆ ನನ್ನ ಅಕ್ಕನಿಗೆ ಜ್ವರ ಏರಿತು. ಅವ್ವ ಐದು ರೂಪಾಯಿ ಕೊಟ್ಟು ಔಷಧ ತರಲು ನನ್ನನ್ನು ಕಳಿಸಿದಳು.

ರೈಲು ನಿಲ್ದಾಣದ ಹೊರಗೆ ಒಬ್ಬನು ಮೂರು ಬಟ್ಟಲುಗಳನ್ನು ಬೋರಲು ಹಾಕಿಕೊಂಡು ಕುಳಿತಿದ್ದನು. ಒಂದರ ಕೆಳಗೆ ಗೋಲಿ. ಅದು ಎಲ್ಲಿದೆಯೆಂದು ಹೇಳಿದರೆ ಇಟ್ಟ ಹಣ ಇಮ್ಮಡಿ! ನಾನು ಒಂದು ರೂಪಾಯಿ ಇಟ್ಟೆ. ಗೆದ್ದೆ. ಮತ್ತೆ ಒಂದು ರೂಪಾಯಿ ಇಟ್ಟೆ. ಮತ್ತೆ ಗೆದ್ದೆ. ಔಷಧ ಕೊಂಡು ಉಳಿದ ಹಣದಲ್ಲಿ ಚೆಂಡು ಕೊಳ್ಳಬೇಕೆಂದು ಏಳು ರೂಪಾಯಿಗಳನ್ನೂ ಇಟ್ಟುಬಿಟ್ಟೆ. ಆತ ಬಟ್ಟಲು ಎತ್ತಿದ. ಕೆಳಗೆ ಏನೂ ಇರಲಿಲ್ಲ.

ಅವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ರಾತ್ರಿಯೆಲ್ಲ ನರಳಿದಳು. ಬೆಳಿಗ್ಗೆ ಅಪ್ಪ ನೆರೆಮನೆಯವರಿಂದ ಸಾಲ ಪಡೆದು ಔಷಧ ತಂದರು.

ಮುಂದಿನ ರವಿವಾರ ಮಾಮಾ ನನ್ನನ್ನು ಕೃಷ್ಣಾ ನದಿಗೆ ಕರೆದುಕೊಂಡು ಹೋದರು. ಗಾಳದ ಕೊಕ್ಕೆಗೆ ಎರೆಹುಳು ಚುಚ್ಚಿ ನೀರಿಗೆ ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಒಂದು ಮೀನು ಸಿಕ್ಕಿತು.

"ಮೀನ ದಡ್ಡ ಐತೇನ್ ಮಾಮಾ?" ಎಂದು ಕೇಳಿದೆ.

"ಇಲ್ಲಪಾ. ಅದಕ್ಕ ಹುಳಾ ಕಾಣತೈತಿ, ಕೊಕ್ಕಿ ಕಾಣಂಗಿಲ್ಲ," ಎಂದರು.

ನಾನು ಗೆದ್ದ ಆ ಎರಡು ರೂಪಾಯಿ ನನಗೆ ಆಗ ನೆನಪಾಯಿತು.

ಆಸೆ ತೋರಿಸಿ ಸೆಳೆಯುವುದಕ್ಕೆ 'ಗಾಳ ಹಾಕು' ಎನ್ನುತ್ತಾರೆ. ಆ ಆಸೆಗೆ ಮರುಳಾಗಿ ಅಪಾಯದಲ್ಲಿ ಸಿಲುಕುವುದು 'ಗಾಳಕ್ಕೆ ಬೀಳು'. ನಮ್ಮ ಮರಾಠಿ ಗೆಳೆಯರು 'ಗಳಾಲಾ ಲಾಗಣೇ' ಎನ್ನುತ್ತಾರೆ. ಕೃಷ್ಣೆಯ ದಂಡೆಯ ಎರಡು ಭಾಷೆಗಳಿಗೂ ಒಂದೇ ಗಾಳ ನೋಡಿ! ವಾಕ್ಯದಲ್ಲಿ ಹೀಗೆ ಬಳಸಬಹುದು: ಹೆಚ್ಚಿನ ಬೆಲೆಯ ಆಸೆ ತೋರಿಸಿದವನ ಗಾಳಕ್ಕೆ ಬಿದ್ದು ರೈತನು ಅರಿಷಿಣವನ್ನು ಕಳೆದುಕೊಂಡನು. ಸಾಂಗಲಿ ಅರಿಷಿಣದ ದೊಡ್ಡ ಪೇಟೆಯಲ್ಲವೇ, ಅದಕ್ಕೇ ಈ ಉದಾಹರಣೆ.

ಮೊನ್ನೆ ನನ್ನ ಮೊಬೈಲಿಗೆ ಒಂದು ಸಂದೇಶ ಬಂದಿತು. ನನಗೆ ದೊಡ್ಡ ಬಹುಮಾನ ಬಂದಿದೆಯಂತೆ. ಅದನ್ನು ಪಡೆಯಲು ನನ್ನ ಬ್ಯಾಂಕಿನ ಗುಪ್ತ ಸಂಖ್ಯೆಯನ್ನು ತಿಳಿಸಬೇಕಂತೆ. ವರ್ಗದಲ್ಲಿ ಮಕ್ಕಳಿಗೆ ಅದನ್ನು ಓದಿ ತೋರಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದಳು. 'ಗುಪ್ತ ಸಂಖ್ಯೆ' ಎಂಬ ಅಕ್ಷರಗಳ ಮೇಲೆ ಬೆರಳಿಟ್ಟು, "ಸರ್, ಕೊಕ್ಕಿ ಇಲ್ಲೈತ್ರಿ," ಎಂದಳು.