ನಮ್ಮತ್ತಿಯವರ ಗ್ಯಾಸ್ಟ್ರಬಲ್

ನಮ್ಮತ್ತಿ ಒಮ್ಮೆ ಓಣಿಯೊಳಗಿನ ಹೊಸಾ ಕಿರಾಣಿ ಅಂಗಡಿ ಪೂಜಾಕ್ಕ ಹೊಂಟಿದ್ರು. ಬಾಜೂಮನಿ ಕಾಕು, 'ಎಲ್ಲೆ ಹೊಂಟೀರಿ ವೈನಿ?' ಅಂತ ಕೇಳಿದ್ರು. 'ಅಂಗಡಿ ಉಚ್ಚಾಟನಿ ಅದಲಾ, ಅಲ್ಲೇ' ಅಂದ್ರು ಅತ್ತಿ. ಉಚ್ಚಾಟನಿ ಮಾಡೋದು ದೆವ್ವಾನ್ನ, ಇಲ್ಲಾ ಪಕ್ಷದೊಳಗ ಜಗಳಾ ತಗದವರನ್ನ. ಅಂಗಡಿಗೆ ಆಗೋದು ಉದ್ಘಾಟನೆ. ನಾ ಕಟ್ಟಿ ಮ್ಯಾಲೆ ನಿಂತು ಎಲ್ಲಾರ ಮುಂದ ತಿದ್ದಿದೆ. ಕಾಕು ನಕ್ಕರು, ಮಕ್ಕಳು ನಕ್ಕರು, ಅತ್ತಿನೂ ನಕ್ಕರು. ಆ ಅಂಗಡಿ ಆರು ತಿಂಗಳಿಗೇ ಮುಚ್ಚಿತು. 'ನಾ ಅವತ್ತs ಹೇಳಿದ್ದೆ' ಅಂತ ಅತ್ತಿ ಈಗೂ ಅಂತಾರ.

ನಂಗ ತಿದ್ದೋ ಚಟಾ ಭಾಳ. ಮದುವಿ ಕಾರ್ಡು ಕೈಗೆ ಬಂದ್ರ ಮುಹೂರ್ತ ನೋಡೂಕಿಂತ ಮೊದಲ ತಪ್ಪು ಹುಡುಕ್ತೀನಿ. ಯಾರರೆ 'ಮನಸ್ಫೂರ್ತಿಯಾಗಿ ಹರಸ್ರಿ' ಅಂದ್ರ ಕಿವಿ ನೆಟ್ಟಗಾಗ್ತಾವ. ಮನಃಪೂರ್ವಕಕ್ಕ ಸ್ಫೂರ್ತಿ ಬಂದು ಗಂಟುಬಿದ್ದು ಹುಟ್ಟಿದ ಕೂಸು ಅದು. ಕೋಟ್ಯಾಧಿಪತಿ ಅಲ್ಲ, ಕೋಟ್ಯಧಿಪತಿ. ಅನಾನುಕೂಲ ಅಲ್ಲ, ಅನನುಕೂಲ. ಹಿಂಗೆಲ್ಲಾ ಹೇಳಿ ಹೇಳಿ ಮನ್ಯಾಗಿನವರ ತಲಿ ತಿಂದೀನಿ. ಖರೆ ಅಂದ್ರ, ಮಗನ ಮುಂಜಿವಿ ಕಾರ್ಡಿನ್ಯಾಗ 'ಉಪಹಾರ' ಅಂತ ಅಚ್ಚಾಕಿಸಿದಾಕಿ ನಾನs. ಉಪಹಾರ ಅಂದ್ರ ಕಾಣಿಕಿ. ಉಪ್ಪಿಟ್ಟು-ಶಿರಾಕ್ಕ ಉಪಾಹಾರ ಅಂತ ದೀರ್ಘ ಬೇಕು. ಬಂದವರು ಉಪ್ಪಿಟ್ಟೂ ತಿಂದ್ರು, ಕಾಣಿಕಿನೂ ಕೊಟ್ಟು ಹೋದ್ರು, ಯಾರೂ ಗಮನಿಸಲಿಲ್ಲ. ನಾನೂ ಸುಮ್ಮನಿದ್ದೆ.

ಅತ್ತಿ ಮಾತಿನ್ಯಾಗ ಇಂಥಾವು ಬೇಕಾದಷ್ಟು. 'ಗೇಟಿನ ಬಾಗಲಾ', 'ನಡುಮಧ್ಯ', 'ಒಬ್ಬಾಕಿ ಲೇಡೀಸು'. ಅದರಾಗ ಎಲ್ಲಾಕಿಂತ ಜೋರು 'ಗ್ಯಾಸ್ಟ್ರಬಲ್'. ಗ್ಯಾಸ್ಟ್ರಿಕ್ಕೂ ಗ್ಯಾಸ್ ಟ್ರಬಲ್ಲೂ ಕೂಡಿ ಆದದ್ದು. ಹೊಟ್ಟಿ ಉಬ್ಬಿದ್ರ ಗ್ಯಾಸ್ಟ್ರಬಲ್, ಬೆನ್ನು ಹಿಡದ್ರ ಗ್ಯಾಸ್ಟ್ರಬಲ್, ತಲಿ ಸುತ್ತಿದ್ರ ಗ್ಯಾಸ್ಟ್ರಬಲ್ ತಲೀಗೆ ಏರೇದ. ಇದನ್ನ ಮಾತ್ರ ನಾ ಒಮ್ಮೆನೂ ತಿದ್ದಲಿಲ್ಲ. ಯಾಕಂದ್ರ ನಾನೂ ದಿನಾ 'ಯಾಕೋ ಗ್ಯಾಸ್ಟ್ರಿಕ್ ಆಗೇದ' ಅನ್ನಾಕಿನs. ನೀವೂ ಅಂತೀರಿ, ನಂಗೊತ್ತು. ಇಂಗ್ಲೀಷಿನ್ಯಾಗ ಗ್ಯಾಸ್ಟ್ರಿಕ್ ಅಂದ್ರ ಜಠರಕ್ಕ ಸಂಬಂಧಪಟ್ಟದ್ದು ಅಂತಷ್ಟ ಅರ್ಥ, ಅದೊಂದು ರೋಗದ ಹೆಸರs ಅಲ್ಲ. ನಾವು ಅದಕ್ಕ ಸೊಂಟದ ಮ್ಯಾಲಿನ ಎಲ್ಲಾ ಬ್ಯಾನಿ ಒಪ್ಪಿಸಿಬಿಟ್ಟೀವಿ.

ಎರಡು ವರ್ಷದ ಹಿಂದ, ಶ್ರಾವಣದಾಗ, ಮನ್ಯಾಗ ಹೂರಣದ ಹೋಳಿಗಿ ಮಾಡಿದ್ದೆ. ರಾತ್ರಿ ಹನ್ನೊಂದಕ್ಕ ಅತ್ತಿ ಎದ್ದು ಕೂತ್ರು. 'ಗ್ಯಾಸ್ಟ್ರಬಲ್ ಆಗೇದ ನೋಡವಾ, ಹೋಳಿಗಿ ಹೆಚ್ಚಾತು.' ಅಜವಾನ ಕುದಿಸಿ ಕೊಟ್ಟೆ. ಒಂದು ತೇಗು ಬಂತು. 'ಹಾಂ, ಸ್ವಲ್ಪ ಹಗುರಾತು' ಅಂದ್ರು. ನಾ ಮಲಕೊಂಡೆ. ಎರಡಕ್ಕ ಮತ್ತ ಅಡಗಿಮನ್ಯಾಗ ಲೈಟು ಹತ್ತಿತ್ತು; ಅವರs ಲಿಂಬಿಹಣ್ಣಿನ ಸೋಡಾ ಮಾಡ್ಕೊಂಡು ಕುಡೀಲಿಕ್ಕೆ ಹತ್ತಿದ್ರು. ಮುಖಾ ಬೆವತಿತ್ತು. 'ಸೆಕಿ ಆಗ್ತದ' ಅಂದ್ರು. ಹೊರಗ ಧೋ ಅಂತ ಮಳಿ. ಅದೂ ನಂಗ ಹೊಳೀಲಿಲ್ಲ ನೋಡ್ರಿ. ಮುಂಜಾನೆ ಹಲ್ಲು ತಿಕ್ಕೋವಾಗ, 'ದವಡಿನೂ ನೋಯ್ಲಿಕ್ಕೆ ಹತ್ತೇದ, ಆ ಹುಳಕು ಹಲ್ಲs ಇರಬೇಕು' ಅಂದ್ರು. ಗ್ಯಾಸ್ಟ್ರಬಲ್ಲಿಗೆ ಒಂದು, ಹಲ್ಲಿಗೆ ಒಂದು, ಹಿಂಗ ಎರಡು ಗುಳಿಗಿ ತರಲಿಕ್ಕೆ ಮಗನ್ನ ಅಂಗಡಿಗೆ ಕಳಸಿದೆ.

ಅವ ಹೋಗೋದನ್ನ ನೋಡಿ ಬಾಜೂಮನಿ ಕಾಕು ಬಂದ್ರು. ಅವರು ಸರ್ಕಾರಿ ದವಾಖಾನಿಯೊಳಗ ನರ್ಸಾಗಿ ರಿಟೈರ್ ಆದವರು. 'ಏನಾಗೇದ ವೈನಿ?'

'ಗ್ಯಾಸ್ಟ್ರಬಲ್.'

'ಅದರ ಹೆಸರು ಬಾಜೂಕಿಡ್ರಿ. ಎಲ್ಲೆ ಏನಾಗ್ತದ, ಅಷ್ಟ ಹೇಳ್ರಿ.'

ಅತ್ತಿ ಒಂದು ಗಳಿಗಿ ಸುಮ್ಮನಾದ್ರು. ಆಮ್ಯಾಲೆ, 'ಎದಿ ಮ್ಯಾಲೆ ಯಾರೋ ಬೀಸುಕಲ್ಲು ಇಟ್ಟಂಗ ಆಗೇದ. ಅಲ್ಲಿಂದ ದವಡಿ ತನಕಾ ಎಳೀತದ. ಕೈಯಾಗ ಶಕ್ತಿನs ಇಲ್ಲ. ಜೀವಾ ಕಳವಳಸ್ತದ' ಅಂದ್ರು.

ಇಷ್ಟು ಸ್ವಚ್ಛ ಕನ್ನಡ! ರಾತ್ರಿ ಹನ್ನೊಂದಕ್ಕ ಹಿಂಗ ಹೇಳಿದ್ರ ಒಂಬತ್ತು ವರ್ಷದ ನನ್ನ ಮಗಳಿಗೂ ತಿಳೀತಿತ್ತು. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೆಸರು ಸಿಕ್ಕಿತ್ತಲಾ, ಇಬ್ಬರಿಗೂ ಅಷ್ಟ ಸಾಕಾಗಿತ್ತು.

ಕಾಕು ಗುಳಿಗಿ ಬರೋ ತನಕಾನೂ ಕಾಯಲಿಲ್ಲ, 108ಕ್ಕ ಫೋನ್ ಹಚ್ಚಿದ್ರು. ಅತ್ತೀನ್ನ ಒಂದು ಹೆಜ್ಜಿ ನಡಸಗೊಡಲಿಲ್ಲ, ಕುರ್ಚಿ ಸಮೇತ ಹೊರಗ ತಂದ್ವಿ. ದವಾಖಾನಿಯೊಳಗ ಇಸಿಜಿ ತಗದ ಕೂಡಲೆ ಹಾರ್ಟ್ ಅಟ್ಯಾಕ್ ಅಂದ್ರು. ಅವತ್ತs ಎಂಜಿಯೋಪ್ಲಾಸ್ಟಿ ಆತು, ಎರಡು ಸ್ಟೆಂಟ್ ಹಾಕಿದ್ರು. ಜೀವಾ ಉಳೀತು. ಆದ್ರ, ರಕ್ತ ಇಲ್ಲದ ಹೃದಯದ ಸ್ನಾಯು ಹೊತ್ತು ಹೋದಂಗ ಸಾಯ್ತದಂತ, ಸತ್ತದ್ದು ತಿರುಗಿ ಬರೂದುಲ್ಲಂತ. ನಾವು ಅಜವಾನ, ಸೋಡಾ ಅನ್ಕೋತ ಕಳದದ್ದು ಎಂಟು ತಾಸಿಗೂ ಮ್ಯಾಲೆ. ಈಗ ಅತ್ತಿ ಹತ್ತು ಪಾವಟಣಿಗಿ ಏರಿದ್ರ ನಿಂತು ಉಸಿರು ತಗೋತಾರ. ಆ ಎಂಟು ತಾಸು ಅಲ್ಲೇ ಕಾಣಿಸ್ತದ ನಂಗ.

ಡಾಕ್ಟರು ಬೈಲಿಲ್ಲ. ದಿನಾ ಇದನ್ನs ನೋಡ್ತೀವಿ ಅಂದ್ರು. ಹೆಂಗಸರಿಗೆ, ಅದರಾಗ ಸಕ್ಕರಿ ಕಾಯಿಲೆ ಇದ್ದವರಿಗೆ, ಸಿನೇಮಾದಾಗ ತೋರಿಸಿದಂಗ ಎದಿ ಹಿಡಕೊಂಡು ಬೀಳೋವಂಥ ನೋವು ಬರಬೇಕಂತ ಇಲ್ಲ. ದಮ್ಮು, ತಣ್ಣನ ಬೆವರು, ವಾಂತಿ ಬಂದಂಗ ಆಗೋದು, ದವಡಿ, ಬೆನ್ನು, ಭುಜ ನೋಯೋದು, ಸುಮ್‌ಸುಮ್ಮನ ಭಾಳ ದಣಿವು, ಇಷ್ಟರಾಗs ಬರಬಹುದು. ತೇಗು ಬಂದು ಹಗುರಾತು ಅಂದ್ರ ಅದು ಹೊಟ್ಟೀದs ಅಂತ ತಿಳೀಬಾರದಂತ. ಇದನ್ನ ಓದಲಿಕ್ಕತ್ತ ಮೌಶಿ, ವೈನಿಯರೆಲ್ಲಾ ಒಮ್ಮೆ ಮನ್ಯಾಗ ಜೋರಾಗಿ ಓದ್ರಿ, ಗಂಡಸರಿಗೂ ಕೇಳಲಿ.

ನಮ್ಮಜ್ಜಿ ಕಾಲಕ್ಕ ಗ್ಯಾಸ್ಟ್ರಿಕ್ ಇರಲಿಲ್ಲ. ಎದಿ ಉರಿ ಇತ್ತು, ಹುಳಿ ತೇಗು ಇತ್ತು, ಹೊಟ್ಟಿ ಉಬ್ಬರ, ಅಜೀರ್ಣ ಇತ್ತು, ಎದಿ ಹಿಡಿಯೋದು ಬ್ಯಾರೆನs ಇತ್ತು. ಒಂದೊಂದಕ್ಕ ಒಂದೊಂದು ಹೆಸರು. ಅವೆಲ್ಲಾನೂ ಒಂದು ಡಬ್ಬಿಗೆ ಸುರುವಿ, ಮ್ಯಾಲೆ ಗ್ಯಾಸ್ಟ್ರಿಕ್ ಅಂತ ಚೀಟಿ ಹಚ್ಚಿದವರು ನಾವು, ಸಾಲಿ ಕಲತವರು. ಅಂಗಡಿ ಉಚ್ಚಾಟನಿಯಿಂದ ಯಾರಿಗೂ ಏನೂ ಆಗಿರಲಿಲ್ಲ. ಅದನ್ನ ತಿದ್ದಲಿಕ್ಕೆ ಮಾತ್ರ ನಾ ಕಟ್ಟಿ ಮ್ಯಾಲೆ ನಿಂತಿದ್ದೆ.

ಅತ್ತಿ ಮನಿಗೆ ಬಂದ ಮ್ಯಾಲೆ ನೋಡಲಿಕ್ಕೆ ಬಂದವರಿಗೆಲ್ಲಾ, 'ನಂಗ ಎಂಜಿಯೋಪ್ಲಾಸ್ಟಿಕ್ ಮಾಡ್ಯಾರ, ಎರಡು ಸ್ಟಂಟ್ ಹಾಕ್ಯಾರ' ಅಂತ ಹೇಳ್ತಿದ್ರು. ಮಗಳು ನನ್ನ ಮಾರಿ ನೋಡಿದ್ಲು. ನಾ ಬಂದವರಿಗೆ ಚಹಾ ತರಲಿಕ್ಕೆ ಒಳಗ ಹೋದೆ.

ಮೊನ್ನೆ ಅಧಿಕ ಊಟಾ ಆಗಿ ಅತ್ತಿ ಆರಾಮಕುರ್ಚಿಯೊಳಗ ಹೊಟ್ಟಿ ಸವರಿಕೋತ ಕೂತಿದ್ರು. 'ಯಾಕೋ ಗ್ಯಾಸ್ಟ್ರ...' ಅಂದವರು ನನ್ನ ನೋಡಿ ತಡದ್ರು. 'ಅಲ್ಲವಾ, ಹೊಟ್ಟಿ ಉಬ್ಬೇದ ಅಷ್ಟ. ಹೊಕ್ಕಳದ ಸುತ್ತೂಕಡೆ. ಎದ್ಯಾಗ ಏನಿಲ್ಲ, ದವಡ್ಯಾಗ ಏನಿಲ್ಲ, ಬೆವತೂ ಇಲ್ಲ. ಇನ್ನರೆ ಒಂದೀಟು ಅಜವಾನ ಕೊಡ್ತೀಯೇನು?'