ಕೋಟೆಯ ಮಣ್ಣು, ಮನೆಯ ಸೊಬಗು

ಗೃಹಪ್ರವೇಶ ಮುಗಿದು, ನೆಂಟರಿಷ್ಟರು ತಮ್ಮ ತಮ್ಮ ಊರುಗಳಿಗೆ ತೆರಳಿದ ಮೇಲೆ, ಹೊಸ ಮನೆಯ ಗೃಹಿಣಿಯ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಈ ಬರಿಯ ಗೋಡೆಗಳಿಗೂ ಬರಿದಾದ ಮೂಲೆಗಳಿಗೂ ಸೊಬಗು ತರುವ ಬಗೆ ಹೇಗೆ? ಇದಕ್ಕೆ ಉತ್ತರ ಹುಡುಕಲು ಇಂದು ಹೊಸ್ತಿಲು ದಾಟಬೇಕಾಗಿಲ್ಲ. ಮೊಬೈಲಿನ ಪರದೆಯ ಮೇಲೆ ಬೆರಳಾಡಿಸಿದರೆ ಸಾಕು, ದೇಶವಿದೇಶಗಳ ಹಜಾರಗಳು ಕಣ್ಣೆದುರು ತೆರೆದುಕೊಳ್ಳುತ್ತವೆ. ಆದರೆ ಎಲ್ಲರೂ ಅದೇ ಚಿತ್ರಗಳನ್ನು ನೋಡಿ ಅದೇ ವಸ್ತುಗಳನ್ನು ತರಿಸುವುದರಿಂದ, ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ತೋರುತ್ತವೆ.

ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆ ಇಲ್ಲಿಯೂ ನಿಜವಾಗಿದೆ. ಚನ್ನಪಟ್ಟಣದ ಅರಗಿನ ಕೆಲಸ, ಕಿನ್ನಾಳದ ಬೊಂಬೆಗಳು, ಮೈಸೂರಿನ ಬೀಟೆಮರದ ಕುಸುರಿ, ನವಲಗುಂದದ ಜಮಖಾನ, ಇವೆಲ್ಲ ನಮ್ಮ ನಾಡಿನವೇ. ಇವುಗಳ ಸಾಲಿನಲ್ಲಿ ನಿಲ್ಲುವ ಬಿದರಿಯನ್ನು ಅದರ ತವರಿನಲ್ಲೇ ಕಾಣಬೇಕೆಂಬ ಬಯಕೆಯಿಂದ ನಾವು ಬೀದರಕ್ಕೆ ಪ್ರಯಾಣ ಮಾಡಿದೆವು.

ಬೀದರವು ಕರ್ನಾಟಕದ ಉತ್ತರದ ತುದಿಯಲ್ಲಿದೆ. ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರು. ಹೈದರಾಬಾದಿಗಾದರೋ 150 ಕಿಲೋಮೀಟರಿಗೂ ಕಡಿಮೆ. ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಮೇಲೆ ನೆಲೆಸಿದ ಈ ಊರು 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಚೌಬಾರದ ಎತ್ತರವಾದ ದುಂಡು ಗೋಪುರದಿಂದ ಕೋಟೆಯ ಕಡೆಗೆ ನಡೆದರೆ, ದಾರಿಯಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ಎದುರಾಗುತ್ತದೆ. 17ನೆಯ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾರಿಹೋಯಿತಂತೆ. ಉಳಿದ ಗೋಡೆಯ ಮೇಲೆ ನೀಲಿ, ಬಿಳಿ, ಹಸುರು ಬಣ್ಣದ ಹೆಂಚುಗಳ ತುಣುಕುಗಳು ಇಂದಿಗೂ ಬಿಸಿಲಿಗೆ ಹೊಳೆಯುತ್ತಿವೆ.

ಗೃಹಾಲಂಕಾರದಲ್ಲಿ ಆಸಕ್ತಿಯುಳ್ಳವರು ತಪ್ಪದೆ ನೋಡಬೇಕಾದುದು ಕೋಟೆಯೊಳಗಿನ ರಂಗೀನ್ ಮಹಲ್. 16ನೆಯ ಶತಮಾನದಲ್ಲಿ ಅಲಿ ಬರೀದ್ ಶಹನ ಕಾಲದಲ್ಲಿ ಇದು ಈಗಿನ ರೂಪವನ್ನು ತಳೆಯಿತು. ಕೊರೆದ ಮರದ ಕಂಬಗಳು, ಬಣ್ಣದ ಹೆಂಚುಗಳು ಇಲ್ಲಿವೆ. ಆದರೆ ಕಣ್ಣನ್ನು ಹಿಡಿದು ನಿಲ್ಲಿಸುವುದು ಬಾಗಿಲುವಾಡದ ಕರಿಯ ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳು. ಕಪ್ಪು ನೆಲ ದಟ್ಟವಾಗಿರುವುದರಿಂದಲೇ ಆ ಸಣ್ಣ ಎಳೆಗಳು ಮಿನುಗುತ್ತವೆ. ತುಂಬಿದರೆ ಚೆಂದವಲ್ಲ, ಬಿಡಬೇಕಾದಲ್ಲಿ ಬಿಟ್ಟರೆ ಚೆಂದ ಎಂಬ ಪಾಠ ಆ ಬಾಗಿಲಲ್ಲಿ ಬರೆದಂತಿದೆ. ಬಿದರಿಯ ಕಲೆಯೂ ಇದೇ ಪಾಠವನ್ನು ಲೋಹದಲ್ಲಿ ಹೇಳುತ್ತದೆ.

ಚೌಬಾರದ ಆಸುಪಾಸಿನ ಬೀದಿಗಳಲ್ಲಿ ಬಿದರಿಯ ಅಂಗಡಿಗಳೂ ಚಿಕ್ಕ ಚಿಕ್ಕ ಕಾರ್ಖಾನೆಗಳೂ ಇವೆ. ಕಾರ್ಖಾನೆಯೆಂದೊಡನೆ ಯಂತ್ರಗಳ ಭೋರ್ಗರೆತವನ್ನು ಊಹಿಸಬೇಡಿ. ನೆಲದ ಮೇಲೆ ಕುಳಿತು, ಕಾಲಿನಿಂದ ಪಾತ್ರೆಯನ್ನು ಒತ್ತಿಹಿಡಿದು, ಉಳಿ ಸುತ್ತಿಗೆಗಳಿಂದ ಮಾಡುವ ಕೆಲಸವಿದು. ಒಂದು ಪಾಲು ತಾಮ್ರಕ್ಕೆ ಸುಮಾರು ಹದಿನಾರು ಪಾಲು ಸತುವನ್ನು ಬೆರೆಸಿ ಕರಗಿಸುತ್ತಾರೆ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಗೆರೆಗಳು ಎದ್ದು ಕಾಣಲೆಂದು ಮೈಲುತುತ್ತದ ನೀರನ್ನು ಸವರಿ, ತಾತ್ಕಾಲಿಕವಾಗಿ ಕಪ್ಪುಮಾಡಿ, ಅದರ ಮೇಲೆ ಕೈಯಿಂದಲೇ ಚಿತ್ತಾರ ಬಿಡಿಸುತ್ತಾರೆ. ಆ ಗೆರೆಗಳನ್ನು ಉಳಿಯಿಂದ ಕೊರೆದು, ಕೊರೆದ ಕಾಲುವೆಯಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಮೃದುವಾಗಿ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ ತಗಡಿನ ಕೆಲಸಕ್ಕೆ ತೆಹ್‌ನಿಶಾನ್ ಎಂದೂ ಹೆಸರು.

ಇಷ್ಟಾದ ಮೇಲೆ ಮತ್ತೆ ಉಜ್ಜಿದರೆ ಆ ತಾತ್ಕಾಲಿಕ ಕಪ್ಪು ಅಳಿದುಹೋಗುತ್ತದೆ. ಸತುವಿನ ಬಿಳುಪಿನಲ್ಲಿ ಬೆಳ್ಳಿ ಕರಗಿಹೋದಂತೆ ಕಾಣುತ್ತದೆ. ದಿನಗಟ್ಟಲೆ ಪಟ್ಟ ಶ್ರಮವೆಲ್ಲ ಎಲ್ಲಿ ಹೋಯಿತೆಂದು ನೋಡುವವರು ಬೆರಗಾಗಬೇಕು! ಆಗ ಬರುತ್ತದೆ ಕೋಟೆಯ ಮಣ್ಣಿನ ಸರದಿ. ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸತುವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬಣ್ಣಗೆಡದೆ, ಅಮಾವಾಸ್ಯೆಯ ಬಾನಿನಲ್ಲಿ ನಕ್ಷತ್ರಗಳಂತೆ ಹೊಮ್ಮುತ್ತದೆ.

ಬಹುಕಾಲ ಬಿಸಿಲು ಮಳೆಗಳನ್ನು ಕಾಣದ ಮಣ್ಣೇ ಶ್ರೇಷ್ಠವೆಂದು ಕುಶಲಕರ್ಮಿಗಳ ನಂಬಿಕೆ. ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು ರುಚಿಯಿಂದಲೇ ಅದರ ಗುಣವನ್ನು ಅಳೆಯುತ್ತಾರೆ. ಮಣ್ಣಿನಲ್ಲಿರುವ ಪೆಟ್ಲುಪ್ಪಿನಂಥ ಲವಣಗಳು ಈ ಬದಲಾವಣೆಗೆ ನೆರವಾಗುತ್ತವೆಂದು ರಸಾಯನಶಾಸ್ತ್ರ ಹೇಳುತ್ತದೆ.

1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿಯೇ ಮೆಚ್ಚುಗೆ ಪಡೆದ ಕಲೆ ಇದು. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರದ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು. ಗೌರವಕ್ಕೆ ಕೊರತೆಯಿಲ್ಲ, ಆದರೆ ಗೌರವದಿಂದ ಒಲೆ ಉರಿಯುವುದಿಲ್ಲ. ಬೆಳ್ಳಿಯ ಬೆಲೆ ಏರಿದಾಗ ಪಾತ್ರೆಯ ಬೆಲೆಯೂ ಏರಲೇಬೇಕು. ಕೊಳ್ಳುವವರು ಆಗ ಮೊದಲು ಚೌಕಾಸಿ ಮಾಡುವುದು ಕೈಕೆಲಸದ ಕೂಲಿಯಲ್ಲಿ. ಒಂದು ಕಾರ್ಖಾನೆಯಲ್ಲಿ ಕೊರೆಯುತ್ತಿದ್ದ ಮುದುಕರೊಬ್ಬರನ್ನು, ನಿಮ್ಮ ಮಕ್ಕಳೂ ಇದೇ ಕೆಲಸದಲ್ಲಿದ್ದಾರೆಯೇ ಎಂದು ಕೇಳಿದೆವು. ಅವರು ಉಳಿಯಿಂದ ಕಣ್ಣೆತ್ತದೆ, "ಒಬ್ಬಾಂವ ಅದಾನ್ರಿ ಸಾಹೇಬ್ರ, ಇನ್ನೊಬ್ಬಾಂವ ಹೈದರಾಬಾದಿಗೆ ಹ್ವಾದ" ಎಂದರು. ಕೈಯಿಂದ ಕೈಗೆ ಮಾತ್ರ ದಾಟಬಲ್ಲ ವಿದ್ಯೆಗೆ, ಪಡೆಯುವ ಕೈ ಇಲ್ಲದಿದ್ದರೆ ಉಳಿಗಾಲವೆಲ್ಲಿ?

ಆದುದರಿಂದ ಕೊಳ್ಳುವವರ ವಿವೇಕಕ್ಕೂ ಇಲ್ಲಿ ಪಾತ್ರವಿದೆ. ಎಲ್ಲರಿಗೂ ಬೀದರಕ್ಕೆ ಹೋಗಿಬರಲು ಸಾಧ್ಯವಾಗದು. ಸರಕಾರದ ಕಾವೇರಿ ಮಳಿಗೆಗಳಲ್ಲಿ ಬಿದರಿ ದೊರೆಯುತ್ತದೆ. ಅಂತರಜಾಲದ ಮೂಲಕವೂ ತರಿಸಬಹುದು. ಆದರೆ ದೂರದ ಬೆಟ್ಟ ನುಣ್ಣಗೆ ಎಂಬುದನ್ನು ಮರೆಯಬಾರದು. ಚಿತ್ರದಲ್ಲಿ ತೂಕ ಕಾಣುವುದಿಲ್ಲ. ನಿಜವಾದ ಬಿದರಿ ಗಾತ್ರಕ್ಕೆ ಮೀರಿ ಭಾರವಾಗಿರುತ್ತದೆ. ಬೆರಳಾಡಿಸಿದರೆ ಬೆಳ್ಳಿಯೂ ನೆಲವೂ ಒಂದೇ ಮಟ್ಟದಲ್ಲಿ ನುಣುಪಾಗಿರುತ್ತವೆ. ಮೇಲೆ ಬಳಿದ ಬಣ್ಣವಾಗಲಿ, ಅಂಟಿಸಿದ ಚಿತ್ರವಾಗಲಿ ಅದಲ್ಲ. ತೂಕ, ಅಳತೆ, ತಯಾರಿಸಿದ ಊರು ಇವನ್ನು ಸ್ಪಷ್ಟವಾಗಿ ತಿಳಿಸದ ಮಾರಾಟಗಾರರಿಂದ ದೂರವಿರುವುದು ಒಳ್ಳೆಯದು.

ತಂದ ಮೇಲೆ ಅದನ್ನು ಇಡುವ ಸ್ಥಳವೂ ಮುಖ್ಯ. ಹತ್ತು ಗೊಂಬೆಗಳ ನಡುವೆ ಬಿದರಿಯ ಹೂದಾನಿ ಮಂಕಾಗುತ್ತದೆ. ತಿಳಿಬಣ್ಣದ ಗೋಡೆಯ ಮುಂದೆ, ಕಿಟಕಿಯ ಓರೆ ಬೆಳಕು ಬೀಳುವಲ್ಲಿ ಒಂಟಿಯಾಗಿ ಇಟ್ಟು ನೋಡಿ. ಚಿಕ್ಕ ಮನೆಗೆ ಒಂದು ಪುಟ್ಟ ಡಬ್ಬಿಯೋ ತಟ್ಟೆಯೋ ಸಾಕು. ಹುಣಿಸೆಹಣ್ಣಿನಿಂದ ಉಜ್ಜುವ ನಮ್ಮ ಅಡಿಗೆಮನೆಯ ಅಭ್ಯಾಸ ಇಲ್ಲಿ ಸಲ್ಲದು; ಹುಳಿ ತಗುಲಿದರೆ ಕಪ್ಪು ಕೆಡುತ್ತದೆ. ಮೆತ್ತನೆಯ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರಸಿದರೆ ಕಪ್ಪು ಮತ್ತೆ ತುಂಬಿ ಬರುತ್ತದೆ. ಸತುವಿನ ಎರಕ ಪೆಡಸಾದುದರಿಂದ ಕೆಳಗೆ ಬಿದ್ದರೆ ಬಿರುಕು ಬಿಡಬಹುದು. ಮಕ್ಕಳಿರುವ ಮನೆಯಲ್ಲಿ ಕೈಗೆಟುಕದಂತೆ ಇಡುವುದು ಲೇಸು.

ಮನೆಯ ಅಲಂಕಾರವೆಂದರೆ ವಸ್ತುಗಳ ಸಂತೆಯಲ್ಲ. ಎಲ್ಲಿಂದ ಬಂತು, ಯಾರ ಕೈಯಿಂದ ಮೂಡಿತು ಎಂದು ಮಕ್ಕಳು ಕೇಳಿದಾಗ ಹೇಳಲು ಒಂದು ಕಥೆಯಿರುವ ವಸ್ತು ಮನೆಯಲ್ಲಿ ಒಂದಾದರೂ ಇರಬೇಕು. ನ್ಯಾಯವಾದ ಬೆಲೆ ತೆತ್ತು ತಂದ ಬಿದರಿಯ ಒಂದು ಪುಟ್ಟ ಡಬ್ಬಿ, ಆ ಮನೆಯ ಹಜಾರವನ್ನೂ ಬೀದರದ ಒಂದು ಒಲೆಯನ್ನೂ ಒಟ್ಟಿಗೆ ಬೆಳಗಬಲ್ಲುದು.